ಹುಳದ ತಟ್ಟೆಯ ಕೆಳಗಿನ ಕೆಂಪು ಕಾಗದ

ನಮ್ಮ ಮನೆಗೆ ಹೊಸದಾಗಿ ಬಂದವರು ಚಹಾದ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳುತ್ತಿದ್ದರು: "ನೀವು ಯಾವ ಪಾರ್ಟಿಯವರ್ರಿ?" ನಡುಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಕೆಲವು ಹಳೆಯ ಪೋಸ್ಟರುಗಳಿದ್ದವು. ಬಿಗಿದ ಮುಷ್ಟಿ, ಮುರಿದ ಸರಪಳಿ, ಕುಡುಗೋಲು ಎತ್ತಿ ನಿಂತ ಹೆಂಗಸು. ಎಲ್ಲ ಒಂದು ಕಾಲದಲ್ಲಿ ಕ್ರಾಂತಿ ಬಂದೇ ಬಿಡುತ್ತದೆ ಎಂದು ನಂಬಿದವರು ಅಚ್ಚು ಹಾಕಿಸಿದಂಥವು. "ಯಾವ ಪಾರ್ಟಿನೂ ಇಲ್ರಿ, ಚಿತ್ರ ಚಂದ ಐತಂತ ಹಾಕೀನಿ" ಅನ್ನುತ್ತಿದ್ದೆ. ನಂಬಿದವರು ಕಡಿಮೆ.

ಆದರೆ ಅದು ನಿಜ. ರಾಯದುರ್ಗದ ಜೀನ್ಸ್ ಯೂನಿಟ್ಟುಗಳಿಗೆ ಲೇಬಲ್ ಬಿಡಿಸಿಕೊಡುವುದು ನನ್ನ ಕೆಲಸ. ಪ್ಯಾಂಟಿನ ಸೊಂಟದ ಪಟ್ಟಿಯ ಹಿಂದೆ ಹೊಲಿಯುವ ತೊಗಲಿನ ತುಂಡು ಇರುತ್ತದಲ್ಲ, ಅದರ ಮೇಲಿನ ಕುದುರೆ, ಹದ್ದು, ಇಂಗ್ಲಿಷಿನ ದಪ್ಪ ಅಕ್ಷರ ಎಲ್ಲವನ್ನೂ ಕಂಪ್ಯೂಟರಿನ ಮುಂದೆ ಕೂತು ಬರೆಯುತ್ತೇನೆ. ಅಂಗೈಯಗಲದ ಜಾಗದಲ್ಲಿ ಎರಡೇ ಬಣ್ಣದಲ್ಲಿ ಕಣ್ಣಿಗೆ ಹೊಡೆಯುವಂತೆ ಬರಬೇಕು. ಅದು ಎಷ್ಟು ಕಷ್ಟ ಎಂದು ತಿಳಿದಿದ್ದರಿಂದಲೇ, ಹಳೆಯ ಸಾಮಾನಿನ ಅಂಗಡಿಯಿಂದ ತಂದ ಬೀರುವಿನ ಬಾಗಿಲ ಒಳಬದಿಗೆ ಅಂಟಿದ್ದ ಪೋಸ್ಟರನ್ನು ಮೊದಲ ಸಲ ನೋಡಿದಾಗ ಬಟ್ಟೆ ಜೋಡಿಸುವುದನ್ನು ಬಿಟ್ಟು ನೆಲಕ್ಕೆ ಕೂತುಬಿಟ್ಟಿದ್ದೆ. ಕೆಂಪು, ಕಪ್ಪು ಅಷ್ಟೇ. ಮೂರನೆಯ ಬಣ್ಣ ಬೇಕಾದ ಕಡೆ ಕಾಗದವನ್ನೇ ಖಾಲಿ ಬಿಟ್ಟಿದ್ದರು. ತೆಲುಗು ಅಕ್ಷರಗಳನ್ನು ಯಾರೋ ಬ್ಲೇಡಿನಲ್ಲಿ ಕತ್ತರಿಸಿ ಮಾಡಿದ್ದರು. ಒಂದೊಂದು ತಲೆಕಟ್ಟೂ ಒಂದೊಂದು ಕಡೆಗೆ ಹಾರುತ್ತಿತ್ತು. ಅಲ್ಲಿಂದ ಹಿಡಿದ ಹುಚ್ಚು. ಬಳ್ಳಾರಿಯ ರದ್ದಿ ಅಂಗಡಿಗಳು, ಮುಚ್ಚಿದ ಪ್ರೆಸ್ಸುಗಳು, ಹಳೆಯ ಪುಸ್ತಕ ಮಾರುವವರು, ಎಲ್ಲ ಕಡೆ ಕೇಳಿ ತರುತ್ತಿದ್ದೆ. ನನ್ನ ಗಂಡ ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟರು. "ಬ್ಯಾರೆಯವ್ರು ಸೀರಿ ತರ್ತಾರ, ನೀ ಇದನ್ನ ತರ್ತೀ" ಎಂದು ನಗುತ್ತಿದ್ದರೇ ಹೊರತು ಬೇಡ ಅಂದವರಲ್ಲ.

ಕಳೆದ ಚುನಾವಣೆಯ ಹೊತ್ತಿಗೆ ನನ್ನ ಸೋದರತ್ತೆ ಫೋನು ಮಾಡಿದಳು. ಮಡಕಶಿರದ ಹತ್ತಿರದ ಹಳ್ಳಿ ನನ್ನ ತವರು. ಅತ್ತೆ ಅಲ್ಲೇ ಹಿಪ್ಪುನೇರಳೆ ತೋಟ ಮಾಡಿಕೊಂಡು ರೇಷ್ಮೆ ಹುಳ ಸಾಕುತ್ತಾಳೆ. ಹಳೆಯ ಹುಳುಮನೆ ಕೆಡವಿ ಶೀಟಿನ ಶೆಡ್ಡು ಹಾಕಿಸಲು ಹೊರಟಿದ್ದಳು.

"ಹಳೇ ಕಾಗ್ದ ಅಂದ್ರೆ ಪ್ರಾಣ ಬಿಡ್ತೀಯಲ್ಲೇ, ಅಟ್ಟದ ಮ್ಯಾಲೆ ಒಂದು ಮೂಟೆ ಐತೆ. ಬಂದು ಎತ್ಕಂಡೋಗು. ಇಲ್ದಿದ್ರೆ ಕೂಲಿಯೋರು ತಿಪ್ಪೆಗೆ ಹಾಕ್ತಾರೆ."

ಮರುದಿನವೇ ಹೋದೆ. ಗೋಣಿಚೀಲದ ಬಾಯಿ ಬಿಚ್ಚಿದೆ. ಒಂದೇ ಪೋಸ್ಟರಿನ ದಪ್ಪ ಕಟ್ಟು, ಗೋಡೆಯನ್ನು ಒಮ್ಮೆಯೂ ಕಾಣದ್ದು. ಅಂಚು ಹಳದಿಯಾಗಿತ್ತು, ಮೇಲಿನ ಹಾಳೆಗಳನ್ನು ಜಿರಲೆ ತಿಂದಿತ್ತು, ಒಳಗಿನವು ಮಾತ್ರ ಈಗಷ್ಟೇ ಅಚ್ಚಾದಂತೆ ಇದ್ದವು. ಇಲಿಬೋನಿನ ಚಿತ್ರ. ಒಳಗೆ ಕೊಕ್ಕೆಗೆ ವಡೆ ಸಿಕ್ಕಿಸುವ ಜಾಗದಲ್ಲಿ ಒಂದು ಮತಚೀಟಿ. ಬೋನಿನ ಮೇಲ್ಗಡೆ, ಮತಪೆಟ್ಟಿಗೆಗೆ ಇರುವಂಥ ಸೀಳು. ಕೆಳಗೆ ತೆಲುಗಿನಲ್ಲಿ ಎರಡೇ ಪದ: 'ಓಟು ವೇಯವದ್ದು'. ಓಟು ಹಾಕಬೇಡಿ.

ಅದನ್ನು ಓದಿದೆ. ಆದರೆ ಆ ಮಾತು ನನ್ನ ತಲೆಯೊಳಗೆ ಇಳಿಯಲಿಲ್ಲ. ನಾನು ನೋಡುತ್ತಿದ್ದದ್ದು ಬೋನಿನ ಸರಳುಗಳನ್ನು, ಒಂದೇ ಎಳೆತದಲ್ಲಿ ಬರೆದ ಗೆರೆಗಳನ್ನು.

"ಇವು ಎಲ್ಲಿಂದ ಬಂದ್ವು ಅತ್ತೆ?"

"ನಿಮ್ಮಾವ ಪ್ರೆಸ್ಸಿಂದ ರದ್ದಿ ತರ್ತಿದ್ರಲ್ಲ, ಹುಳಕ್ಕೆ ಹಾಸಾಕೆ. ಮಸಿ ಇರೋ ಕಡೆ ಕೆಳೀಕೆ ಮಾಡಿ ಹಾಸ್ತಿದ್ವಿ." ಇಷ್ಟು ಹೇಳಿ ಅತ್ತೆ ಕೂಲಿಯವರನ್ನು ಕೂಗುತ್ತ ಹೊರಗೆ ಹೋದಳು. ಗೋಡೆಗೆ ಒರಗಿಸಿದ್ದ, ಹುಳ ಸಾಕುವ ಬಿದಿರಿನ ದೊಡ್ಡ ತಟ್ಟೆಗಳದ್ದೂ, ಹುಳುಮನೆಯದ್ದೂ ಫೋಟೊ ತೆಗೆದುಕೊಂಡೆ. ಪೋಸ್ಟರುಗಳನ್ನು ಸುರುಳಿ ಸುತ್ತಿ, ಅತ್ತೆಯ ಹಳೆಯ ಸೀರೆಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ.

ಮಡಕಶಿರದಿಂದ ಪಾವಗಡ, ಅಲ್ಲಿಂದ ಕಲ್ಯಾಣದುರ್ಗ, ಆಮೇಲೆ ರಾಯದುರ್ಗ. ಈ ದಾರಿಯಲ್ಲಿ ಕರ್ನಾಟಕಕ್ಕೆ ಹೋಗಿ ಮತ್ತೆ ಆಂಧ್ರಕ್ಕೆ ಬರಬೇಕು. ಬೇರೆ ದಿನಗಳಲ್ಲಿ ಅದು ಗೊತ್ತೇ ಆಗುವುದಿಲ್ಲ. ಚುನಾವಣೆಯಾದ್ದರಿಂದ, ಮತ್ತೆ ಆಂಧ್ರಕ್ಕೆ ಬರುವ ಗಡಿಯಲ್ಲಿ ಬಿದಿರು ಅಡ್ಡ ಕಟ್ಟಿ, ಶಾಮಿಯಾನ ಹಾಕಿ ಚೆಕ್‌ಪೋಸ್ಟ್ ಮಾಡಿದ್ದರು. ಆಚೆಯ ಸಾರಾಯಿ ಈಚೆಗೆ ಬರುತ್ತದೆ ಎಂದು ಬಸ್ಸು ನಿಲ್ಲಿಸಿ ಚೀಲ ನೋಡುತ್ತಿದ್ದರು. ಕಾನ್‌ಸ್ಟೇಬಲ್ ಒಬ್ಬ ನನ್ನ ತೊಡೆಯ ಮೇಲಿದ್ದ ಸುರುಳಿಯನ್ನು ಬೆರಳಿನಿಂದ ತಟ್ಟಿದ.

"ಏಂಟಮ್ಮಾ ಇದಿ? ಬಾಟಲಾ?"

"ಕಾಗದ" ಅಂದೆ. ಆಗಲೇ ನನಗೆ ಆ ಎರಡು ಪದ ನೆನಪಾದವು.

ಶಾಮಿಯಾನದ ಮೇಜಿನ ಮೇಲೆ ಸೀರೆಯ ಗಂಟು ಬಿಚ್ಚಿದರು. ಸುರುಳಿ ತಾನಾಗಿಯೇ ಬಿಚ್ಚಿಕೊಂಡಿತು. ಗಾಳಿಗೆ ಮೇಲಿನ ಹಾಳೆ ಎದ್ದು ಬಸ್ಸಿನ ಕಡೆ ತಿರುಗಿತು. ಕಿಟಕಿಯಲ್ಲಿ ಕೂತವರು ಗಟ್ಟಿಯಾಗಿ ಓದಿದರು, 'ಓಟು ವೇಯವದ್ದು'. ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಕಂಡಕ್ಟರ್ ನನ್ನ ಮುಖ ನೋಡಿದ, ಪೋಸ್ಟರ್ ನೋಡಿದ, ನನ್ನ ಕೈಚೀಲವನ್ನು ಕೆಳಗಿಟ್ಟು ರೈಟ್ ಅಂದ. ಬಸ್ಸು ಹೊರಟುಹೋಯಿತು.

ತಪಾಸಣೆ ತಂಡದ ಅಧಿಕಾರಿ ನಡುವಯಸ್ಸಿನವರು. ಏರುದನಿಯಲ್ಲಿ ಮಾತಾಡಲಿಲ್ಲ, ಬೈಯಲಿಲ್ಲ. ಕುರ್ಚಿ ಕೊಡಿಸಿದರು. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ಹುಟ್ಟಿದಾಗಿನಿಂದ ಆಡುತ್ತಿದ್ದ ತೆಲುಗು ನಾಲಗೆಗೆ ಬರಲೇ ಇಲ್ಲ. ಕನ್ನಡವೂ ತೆಲುಗೂ ಕಲಸಿಕೊಂಡು ಹೇಳಿದೆ: ಇವು ಹಳೆಯವು, ನಾನು ಇಂಥವನ್ನು ಚಿತ್ರದ ಆಸೆಗೆ ಕೂಡಿಸುತ್ತೇನೆ, ಮನೆಯಲ್ಲಿ ಇನ್ನೂ ಇವೆ. ಹೇಳಿದ ಮೇಲೆ, ಮನೆಯಲ್ಲಿ ಇನ್ನೂ ಇವೆ ಎಂದು ಯಾಕಾದರೂ ಹೇಳಿದೆನೋ ಅನ್ನಿಸಿತು.

ಅವರು ಹಾಳೆಗಳನ್ನು ಒಂದೊಂದಾಗಿ ಮಗುಚಿದರು. "ಒಂದೇ ಇದ್ದಿದ್ದರೆ ಚಿತ್ರ ಅಂತ ಒಪ್ಪಬಹುದಿತ್ತಮ್ಮ. ಒಂದೇ ನಮೂನೆಯವು ಇಷ್ಟೊಂದು ಇದ್ದರೆ ಗೋಡೆಗೆ ಅಂಟಿಸಲಿಕ್ಕಲ್ಲದೆ ಮತ್ತೆ ಯಾತಕ್ಕೆ?"

"ಸಾರ್, ಮತಚೀಟಿ ಬರೆದಿದ್ದಾರೆ ನೋಡಿ. ಈಗ ಮಿಷನ್ನಲ್ಲವಾ? ಇದು ಆ ಕಾಲದ್ದು."

"ಪಂಚಾಯತಿ ಎಲೆಕ್ಷನ್ನಿಗೆ ಈಗಲೂ ಚೀಟಿನೇ" ಅಂದರು ಅವರು.

ಹಾಳೆಯ ಮೇಲೆ ತಾರೀಖಿರಲಿಲ್ಲ. ಪ್ರೆಸ್ಸಿನ ಹೆಸರಿರಲಿಲ್ಲ. ಹೆದರಿಕೆಯಿಂದ ಅಚ್ಚು ಹಾಕಿದವರು ಹೆಸರು ಹಾಕುವುದಿಲ್ಲ ಎಂಬುದು ನನಗೆ ಆ ಕುರ್ಚಿಯ ಮೇಲೆ ಕೂತಾಗ ಹೊಳೆಯಿತು. ಆಮೇಲೆ ಅವರು ಮನೆಯವರು ಏನು ಮಾಡುತ್ತಾರೆ ಎಂದು ಕೇಳಿದರು.

"ಗವರ್ಮೆಂಟ್ ಟೀಚರ್."

ಬರೆಯುತ್ತಿದ್ದ ಪೆನ್ನು ನಿಂತಿತು. "ಎಲೆಕ್ಷನ್ ಡ್ಯೂಟಿ ಬಿದ್ದಿದೆಯಾ?"

"ಬಿದ್ದಿದೆ ಸಾರ್."

ಅವರು ಅದನ್ನೂ ಬರೆದುಕೊಂಡರು. ಪೋಸ್ಟರುಗಳನ್ನು ವಶಕ್ಕೆ ತೆಗೆದುಕೊಂಡರು, ನನ್ನ ಆಧಾರ್ ಕಾರ್ಡಿನ ಫೋಟೊ ಹಿಡಿದರು. ಬರುವ ಸೋಮವಾರ ತಹಶೀಲ್ದಾರರು ಕೂರುವ ಮಂಡಲ ಕಚೇರಿಗೆ ಬರಬೇಕು, ಕಾಗದ ಕೊಟ್ಟವರನ್ನೂ ಕರೆತರಬೇಕು, ಹಳೆಯವು ಎಂದು ತೋರಿಸಬೇಕು, ಇಲ್ಲದಿದ್ದರೆ ಕೇಸು ಮೇಲಕ್ಕೆ ಹೋಗುತ್ತದೆ ಅಂದರು. ಮುಂದಿನ ಬಸ್ಸು ಬರುವವರೆಗೆ ಹುಣಸೆಮರದ ಬುಡದಲ್ಲಿ ನಿಂತಿದ್ದೆ.

ಮನೆಯಲ್ಲಿ ನನ್ನ ಗಂಡ ಚುನಾವಣಾ ತರಬೇತಿಯ ಪುಸ್ತಕ ಹಿಡಿದು ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿದರು. ಆಮೇಲೆ ಎದ್ದು ಬೀದಿಯ ಕಡೆಯ ಕಿಟಕಿ ಮುಚ್ಚಿದರು.

"ನನ್ನ ನೌಕರಿ ಹೇಳ್ದೇನು?"

"ಕೇಳಿದ್ರು, ಹೇಳ್ದೆ."

"ಇಳಿಸು. ಎಲ್ಲಾನೂ ಇಳಿಸು."

ಇಬ್ಬರೂ ಸೇರಿ ಗೋಡೆಯಿಂದ ಇಳಿಸಿದೆವು. ಕಟ್ಟು ಬಿಚ್ಚಿದೆವು. ಬೀರುವಿನ ಬಾಗಿಲಿನದ್ದನ್ನು ಕೀಳಲು ಆಗಲಿಲ್ಲ, ಅದರ ಮೇಲೆ ದೇವರ ಕ್ಯಾಲೆಂಡರ್ ನೇತುಹಾಕಿದೆವು. ಅವರು ಹಾಳೆಗಳನ್ನು ತಬ್ಬಿಕೊಂಡು ಬಚ್ಚಲಿನ ಹಂಡೆಯ ಒಲೆಯ ಕಡೆ ನಡೆದರು. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ ಬೆಂಕಿಪೊಟ್ಟಣ ಹುಡುಕಿ ಕೊಟ್ಟವಳೂ ನಾನೇ. ಕಡ್ಡಿ ಗೀರಿದಾಗ ಮಾತ್ರ ಬೇರೊಂದು ಹೆದರಿಕೆ ಬಂತು.

"ಇರ್ರಿ. ಮನ್ಯಾಗ ಇನ್ನೂ ಅದಾವ ಅಂತ ಅವ್ರಿಗೆ ಹೇಳೀನಿ. ನೋಡಾಕ ಬಂದ್ರ? ಯಾಕ ಸುಟ್ರಿ ಅಂದ್ರ ಏನ್ ಹೇಳೂದು?"

ಕಡ್ಡಿ ಅವರ ಬೆರಳ ತನಕ ಉರಿದು ಆರಿತು. "ಇಟ್ಕೊಂಡ್ರೂ ತಪ್ಪು, ಸುಟ್ರೂ ತಪ್ಪು" ಎಂದು ಒಲೆಯ ಮುಂದೆಯೇ ಕೂತುಬಿಟ್ಟರು. ಇಷ್ಟು ವರ್ಷದಲ್ಲಿ ನನ್ನ ಗಂಡ ಹಾಗೆ ನೆಲಕ್ಕೆ ಕೂತದ್ದನ್ನು ನಾನು ನೋಡಿರಲಿಲ್ಲ. ಕೊನೆಗೆ ಎಲ್ಲವನ್ನೂ ಮಂಚದ ಕೆಳಗೆ ತಳ್ಳಿ, ಮುಂದೆ ಅಕ್ಕಿಯ ಡಬ್ಬ ಇಟ್ಟೆವು.

ಸೋಮವಾರದವರೆಗಿನ ದಿನಗಳನ್ನು ಹೇಗೆ ಕಳೆದೆನೋ. ಯೂನಿಟ್ಟಿನಲ್ಲಿ ಹೊಲಿಗೆ ಮಿಷನ್ನುಗಳ ಗದ್ದಲದ ನಡುವೆ ಬೈಕು ನಿಂತ ಸದ್ದು ಮಾತ್ರ ಬೇರೆಯಾಗಿ ಕೇಳುತ್ತಿತ್ತು. ಫೋನು ರಿಂಗಾದರೆ ಕೆಲಸ ಬಿಟ್ಟು ಮೊದಲು ನಂಬರು ನೋಡುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಬರುತ್ತಿದ್ದವೆಲ್ಲ ಓಟು ಕೇಳುವ ರೆಕಾರ್ಡು ಮಾಡಿದ ದನಿಗಳು. ಒಮ್ಮೆ ಹೆದರಿಕೆಯಲ್ಲಿ ಅದಕ್ಕೂ "ಸಾರ್, ಸಾರ್" ಎಂದು ಉತ್ತರ ಕೊಟ್ಟೆ. ಪಕ್ಕದಲ್ಲಿ ದಾರ ಕತ್ತರಿಸುತ್ತಿದ್ದ ಹೆಂಗಸರು ನಕ್ಕರು. ಕುದುರೆಯ ಲೇಬಲ್ಲಿಗೆ ಕೆಂಪು ಹಾಕಿದ್ದೆ, ಅದನ್ನೂ ನೀಲಿ ಮಾಡಿದೆ.

ಹಳೆಯವು ಎಂದು ಹೇಗೆ ತೋರಿಸುವುದು? ಫೋನಿನಲ್ಲಿದ್ದ ಹುಳುಮನೆಯ ಫೋಟೊಗಳನ್ನು ಮತ್ತೆ ಮತ್ತೆ ಹಿಗ್ಗಿಸಿ ನೋಡುತ್ತಿದ್ದೆ. ಗೋಡೆಗೆ ಒರಗಿಸಿದ್ದ ತಟ್ಟೆಗಳಲ್ಲಿ ಒಂದರ ಅಂಚಿನಲ್ಲಿ ಕಾಗದ ಸುಲಿದು ಎದ್ದಿತ್ತು. ಬಿದಿರಿನ ಸಂದು ಮುಚ್ಚಲು ಸೆಗಣಿ ಬಳಿದು, ಅದರ ಮೇಲೆ ಕಾಗದ ಅಂಟಿಸಿ, ಅದು ಹಾಳಾದಾಗ ಅದರ ಮೇಲೆಯೇ ಇನ್ನೊಂದು ಅಂಟಿಸುತ್ತಿದ್ದರು. ಮೇಲೆ ದಿನಪತ್ರಿಕೆ. ಅದು ಹರಿದ ಕಡೆ, ಅಡಿಯಲ್ಲಿ, ಉಗುರಿನಷ್ಟು ಕೆಂಪು. ಮಸಿಯ ಮುಖ ಕೆಳಗಿದ್ದರೂ ಕಾಗದ ಮಡಚಿಕೊಂಡು ಬಣ್ಣ ಇಣುಕಿತ್ತು. ದಿನಪತ್ರಿಕೆಗೆ ತಾರೀಖು ಇರುತ್ತದೆ!

ಅತ್ತೆಗೆ ಫೋನು ಮಾಡಿದೆ. ಕೂಲಿಯವರು ತಟ್ಟೆ ಒಡೆದು ಒಲೆಗೆ ಹಾಕಿದ್ದರೆ ನನ್ನ ಕತೆ ಮುಗಿಯಿತು ಅನ್ನಿಸುತ್ತಿತ್ತು. ತಟ್ಟೆ ಇತ್ತು. ಆದರೆ ಸೋಮವಾರ, ಮಂಡಲ ಕಚೇರಿ, ಪೊಲೀಸು ಎಂಬ ಮಾತು ಕಿವಿಗೆ ಬಿದ್ದದ್ದೇ ಅತ್ತೆಯ ದನಿ ಬದಲಾಯಿತು.

"ನಾನು ಬರಾಕಿಲ್ಲ. ನನ್ನ ಹೆಸ್ರು ಯಾಕೆ ಹೇಳ್ದೆ?"

"ಹೇಳಿಲ್ಲ ಅತ್ತೆ. ಕೊಟ್ಟೋರನ್ನ ಕರ್ಕಂಡು ಬಾ ಅಂದವ್ರೆ."

"ನೀನು ಹುಟ್ಟಿದ್ಯೋ ಇಲ್ವೋ ಆವಾಗ. ಆ ಪ್ರೆಸ್ಸಿನೋನು ಕ್ರಾಂತಿ ಮಾಡೋರಿಗೇಂತ ಅಚ್ಚು ಹಾಕವ್ನೆ, ಈಸ್ಕಳಾಕೆ ಯಾರೂ ಬಂದಿಲ್ಲ. ಹೆದ್ರಿ ನಿಮ್ಮಾವನ ಗಾಡೀಗೆ ರದ್ದಿ ಅಂತ ಹಾಕ್ಬಿಟ್ಟ. ಆಮ್ಯಾಕೆ ಅವ್ನ ಪ್ರೆಸ್ಸು ಜಪ್ತಿ ಮಾಡುದ್ರು ಅಂತ ಸುದ್ದಿ ಬಂತು. ನಿಮ್ಮಾವ ರಾತ್ರಿಯೆಲ್ಲ ನಿದ್ದೆ ಮಾಡ್ಲಿಲ್ಲ. ಸುಟ್ಬಿಡ್ತೀನಿ ಅಂದ್ರು. ನಾನೇ ಬ್ಯಾಡ ಅಂದೆ."

"ಯಾಕತ್ತೆ?"

"ಹುಳ ಹಣ್ಣಾಗಿದ್ವು ಕಣವ್ವ. ಗೂಡು ಕಟ್ಟಾ ಟೈಮು. ಹೊಗೆ ತಾಗುದ್ರೆ ಒಂದೂ ಉಳಿಯಾಕಿಲ್ಲ. ಅದ್ಕೇ ಒಂದಿಷ್ಟು ತಟ್ಟೆಗೆ ಅಂಟ್ಸಿ, ಉಳಿದದ್ದು ಅಟ್ಟಕ್ಕೆ ಹಾಕುದ್ವಿ. ಹುಳುಮನೆ ಒಳೀಕೆ ಹೊರಗಿನೋರನ್ನ ಬಿಡಾಕಿಲ್ವಲ್ಲ." ಅತ್ತೆ ಬಾಗಿಲು ಹಾಕಿದ ಸದ್ದು ಕೇಳಿತು. "ನಿಮ್ಮಾವ ಸಾಯಾಗಂಟ ಆ ಅಟ್ಟದ ಕಡೆ ತಲೆ ಎತ್ತಿ ನೋಡ್ಲಿಲ್ಲ. ನಾನೇನೋ ಈಗ ಆ ಕಾಲ ಹೋಯ್ತು ಅಂದ್ಕಂಡೆ. ನಿಂಗೆ ಕೊಟ್ಟು ಕೈ ತೊಳ್ಕಂಡೆ ಅಂದ್ಕಂಡೆ."

ಫೋನು ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಸೋಮವಾರ ನಾನು, ನನ್ನ ಗಂಡ ಮಂಡಲ ಕಚೇರಿಗೆ ಹೋದೆವು. ಬೇಡ ಅಂದರೂ ಅವರು ರಜೆ ಹಾಕಿ ಬಂದಿದ್ದರು. ಕಚೇರಿಯ ತುಂಬ ಚುನಾವಣೆಯ ಗಲಾಟೆ, ಪೆಟ್ಟಿಗೆಗಳು, ಓಡಾಡುವವರು. ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ನನ್ನ ಗಂಡ ಐಡಿ ಕಾರ್ಡನ್ನು ಒಮ್ಮೆ ಅಂಗಿಯೊಳಗೆ ಹಾಕಿಕೊಳ್ಳುತ್ತಿದ್ದರು, ಒಮ್ಮೆ ಹೊರಗೆ ತೆಗೆಯುತ್ತಿದ್ದರು. ಯಾವುದು ಸರಿ ಎಂದು ಅವರಿಗೂ ಗೊತ್ತಿರಲಿಲ್ಲ.

ಆಗ ಗೇಟಿನ ಹತ್ತಿರ ಗದ್ದಲವಾಯಿತು. ಬೆಡ್‌ಶೀಟಿನಲ್ಲಿ ಸುತ್ತಿದ ಬಂಡಿಗಾಲಿಯಂಥ ಒಂದು ವಸ್ತು ಒಳಗೆ ಬರುತ್ತಿತ್ತು. ಅದರ ಹಿಂದೆ ಯಾರಿದ್ದಾರೆಂದು ಕಾಣುತ್ತಿರಲಿಲ್ಲ. ಕಾವಲಿನವನು ತಡೆದ. ಬೆಡ್‌ಶೀಟಿನ ಹಿಂದಿನಿಂದ ಅತ್ತೆಯ ದನಿ ಬಂತು: "ನಮ್ಮುಡ್ಗಿ ಒಳಗವ್ಳೆ ಸಾಮಿ, ಬಿಡಿ." ಎರಡು ಬಸ್ಸು ಬದಲಾಯಿಸಿ, ತಟ್ಟೆಯನ್ನು ಡ್ರೈವರಿನ ಹಿಂದೆ ನಿಲ್ಲಿಸಿಕೊಂಡು, ಒಬ್ಬಳೇ ಬಂದಿದ್ದಳು. ನಾನು ಓಡಿಹೋಗಿ ಅವಳ ತೋಳು ಹಿಡಿದೆ.

"ಮಾತಾಡಿಸ್ಬ್ಯಾಡ" ಅಂದಳು. "ಮಾತಾಡ್ಸುದ್ರೆ ವಾಪಸ್ ಹೋಗ್ಬಿಡ್ತೀನಿ."

ಅಧಿಕಾರಿ ಮೇಜಿನ ಮೇಲಿನ ಫೈಲುಗಳನ್ನು ಸರಿಸಿದರು. ತಟ್ಟೆ ಮೇಜಿನ ಆಚೆ ಈಚೆ ಚಾಚಿಕೊಂಡಿತು. ಒಣಗಿದ ಹುಳದ ಹಿಕ್ಕೆ ಅವರ ಕಾಗದಗಳ ಮೇಲೆ ಉದುರಿತು. ಸುಲಿದಿದ್ದ ಅಂಚನ್ನು ನಾನು ಒದ್ದೆ ಬಟ್ಟೆಯಿಂದ ನೆನೆಸಿ ಮೆಲ್ಲಗೆ ಎತ್ತತೊಡಗಿದೆ. ಮೇಲಿನ ದಿನಪತ್ರಿಕೆಯಲ್ಲಿ ತಾರೀಖಿನ ಭಾಗವೇ ಇರಲಿಲ್ಲ. ಅದರ ಕೆಳಗೆ ಇನ್ನೊಂದು ಪತ್ರಿಕೆ, ಸಿನಿಮಾ ಜಾಹೀರಾತು. ಅದರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ದಿನ, ತಿಂಗಳು, ವರ್ಷ. ನಾನು ಇನ್ನೂ ಲಂಗ ಹಾಕುತ್ತಿದ್ದ ಕಾಲದ್ದು. ಅದನ್ನೂ ಸರಿಸಿದಾಗ ಸೆಗಣಿಯ ಕಲೆ ಹಿಡಿದ ದಪ್ಪ ಕಾಗದ ಸಿಕ್ಕಿತು. ಅದರ ತುದಿ ಮಗುಚಿದರೆ ಇಲಿಬೋನಿನ ಸರಳುಗಳು.

ಅಧಿಕಾರಿ ಕನ್ನಡಕ ಏರಿಸಿ ತಾರೀಖನ್ನು ಓದಿದರು. ಜಪ್ತಿ ಮಾಡಿದ್ದ ಹಾಳೆಯೊಂದನ್ನು ತರಿಸಿ ಪಕ್ಕದಲ್ಲಿಟ್ಟು ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿ, ಇಷ್ಟು ವರ್ಷ ಇವನ್ನು ಸುಡದೆ ಯಾಕೆ ಇಟ್ಟುಕೊಂಡಿದ್ದೆ ಎಂದು ಕೇಳಿದರು.

"ಹುಳ ಹಣ್ಣಾಗಿದ್ವು ಸಾಮಿ" ಅಂದಳು ಅತ್ತೆ.

ನಾನು ತೆಲುಗಿನಲ್ಲಿ ಬಿಡಿಸಿ ಹೇಳಿದೆ. ಅಲ್ಲಿದ್ದ ಗುಮಾಸ್ತರೆಲ್ಲ ನಕ್ಕರು, ಅಧಿಕಾರಿಯೂ ನಕ್ಕರು. ಅತ್ತೆ ನಗಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಗೋಡೆ ನೋಡುತ್ತಿದ್ದಳು. ಹೇಳಿಕೆ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿದಾಗ, ಅವಳ ಬೆರಳು ಕಾಗದದ ಮೇಲೆ ನಿಲ್ಲದೆ ಗುರುತು ಎರಡು ಸಲ ಕಲಸಿಹೋಯಿತು. ಮೂರನೆಯ ಸಲ ನಾನೇ ಅವಳ ಕೈ ಹಿಡಿದು ಒತ್ತಿಸಿದೆ.

ಕೇಸು ಮುಂದಕ್ಕೆ ಹೋಗುವುದಿಲ್ಲ, ಎಣಿಕೆ ಮುಗಿದ ಮೇಲೆ ಬಂದು ಪೋಸ್ಟರು ತೆಗೆದುಕೊಂಡು ಹೋಗಬಹುದು ಎಂದು ಹೇಳಿ ಅಧಿಕಾರಿ ನನ್ನ ಗಂಡನಿಗೆ ಕೈ ಮುಗಿದರು. "ಡ್ಯೂಟಿಗೆ ಹೋಗಿ ಮೇಷ್ಟ್ರೇ, ಏನೂ ತೊಂದರೆಯಿಲ್ಲ." ನನ್ನ ಗಂಡ ತಿರುಗಿ ಕೈ ಮುಗಿಯುವುದನ್ನೂ ಮರೆತು ನಿಂತಿದ್ದರು.

ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಸೋಡಾ ಕುಡಿದು ಅದನ್ನೆಲ್ಲ ವಾಂತಿ ಮಾಡಿಕೊಂಡಳು. ರಾಯದುರ್ಗಕ್ಕೆ ಬಂದು ಒಂದು ದಿನ ಇದ್ದು ಹೋಗು ಅಂದರೆ ಕೇಳಲಿಲ್ಲ. ನನ್ನ ಗಂಡ ಅವಳ ಕಾಲು ಮುಟ್ಟಲು ಬಗ್ಗಿದರು. "ಅಯ್ಯೋ ಬಿಡಪ್ಪ" ಎಂದು ಹಿಂದೆ ಸರಿದಳು. ಬಸ್ಸು ಹತ್ತುವಾಗ ನನ್ನ ಕಿವಿಯಲ್ಲಿ, "ಬರಬಾರ್ದು ಅಂತಾನೇ ಇದ್ದೆ. ಬೆಳಿಗ್ಗೆ ಎದ್ದಾಗ ನಿಮ್ಮಾವನ ಮುಖ ನೆಪ್ಪಾತು" ಅಂದಳು.

ಎಣಿಕೆ ಮುಗಿದು ಎಷ್ಟೋ ದಿನವಾದರೂ ನನಗೆ ಆ ಕಚೇರಿಗೆ ಹೋಗಲು ಧೈರ್ಯ ಬರಲಿಲ್ಲ. ಕೊನೆಗೆ ಒಂದು ಶನಿವಾರ ನನ್ನ ಗಂಡ, ಕೇಳದೆ, ಹೇಳದೆ, ತಾವೇ ಹೋಗಿ ತಂದರು. ಕಚೇರಿಯವರು ತಮ್ಮ ಬೀರುವಿನಲ್ಲಿ ಹಿಡಿಸಲೆಂದು ಪ್ರತಿ ಹಾಳೆಯನ್ನೂ ನಾಲ್ಕು ಮಡಿಕೆ ಮಡಚಿದ್ದರು. ಹಳೆಯ ಕಾಗದ, ಮಡಿಕೆಯುದ್ದಕ್ಕೂ ಸೀಳಿತ್ತು. ಬಾಗಿಲು ಹಾಕಿಕೊಂಡು ಇಬ್ಬರೂ ಚಾಪೆಯ ಮೇಲೆ ಅವನ್ನು ಬಿಚ್ಚಿ ಹರಡಿದೆವು. ಮೊದಲು ನಾನು ಕೊಂಡಾಡಿದ್ದ ಆ ಬೋನಿನ ಗೆರೆಗಳನ್ನು ನೋಡಿದೆ. ಒಂದೇ ಎಳೆತದಲ್ಲಿ ಬರೆದದ್ದು ಕೈಚಳಕ ಎಂದುಕೊಂಡಿದ್ದೆ. ಈಗ ಆತುರ ಕಂಡಿತು. ಯಾರೋ ಬಾಗಿಲ ಕಡೆ ಒಂದು ಕಿವಿ ಇಟ್ಟು ಬರೆದಿರಬೇಕು. ಕೆಳಗಿನ ಎರಡು ಅಕ್ಷರ ಸೊಟ್ಟಗಾಗಿದ್ದವು, ತಿದ್ದುವಷ್ಟು ಹೊತ್ತು ಇದ್ದಿರಲಾರದು. ಬೆರಳಿನಿಂದ ಅವನ್ನು ಮುಟ್ಟಬೇಕೆನ್ನಿಸಿತು, ಮುಟ್ಟಲಿಲ್ಲ.

"ಮತ್ತ ಗೋಡಿಗೆ ಹಾಕ್ತೀಯೇನು?" ಎಂದು ನನ್ನ ಗಂಡ ಕೇಳಿದರು. ಬೇಡ ಎಂದೂ ಹೇಳಲಿಲ್ಲ, ಹಾಕು ಎಂದೂ ಹೇಳಲಿಲ್ಲ.

"ಸದ್ಯಕ್ಕ ಬ್ಯಾಡ್ರಿ" ಅಂದೆ. ಎರಡು ರಟ್ಟುಗಳ ನಡುವೆ ಇಟ್ಟು ಕಟ್ಟಿದೆವು. ಮಂಚದ ಕೆಳಗೆ ಇವೆ. ಮಾರುವವರು ಫೋಟೊ ಕಳಿಸಿದರೆ ಈಗಲೂ ನೋಡುತ್ತೇನೆ, ಆದರೆ ಬಣ್ಣಕ್ಕಿಂತ ಮೊದಲು ಬರೆದದ್ದನ್ನು ಓದುತ್ತೇನೆ. ಓದಿದ ಮೇಲೆ ಒಮ್ಮೊಮ್ಮೆ ಉತ್ತರ ಬರೆಯದೆ ಫೋನು ಮಗುಚಿ ಇಡುತ್ತೇನೆ.

ಹೋದ ವಾರ ಅತ್ತೆ ಫೋನು ಮಾಡಿದ್ದಳು. ಹೊಸ ಶೆಡ್ಡಿನಲ್ಲಿ ಮೊದಲ ಬೆಳೆ ಚೆನ್ನಾಗಿ ಬಂದಿದೆಯಂತೆ. ಅದನ್ನೆಲ್ಲ ಹೇಳಿ ದನಿ ಇಳಿಸಿದಳು.

"ಅವು ಬಂದ್ವಾ?"

"ಬಂದ್ವತ್ತೆ."

"ಎಲ್ಲಿ ಮಡಗಿದ್ದೀಯ?"

ಹೇಳಲು ಬಾಯಿ ತೆರೆದೆ.

"ಬ್ಯಾಡ ಬ್ಯಾಡ" ಅಂದಳು ಅತ್ತೆ. "ಫೋನ್ನಾಗೆ ಹೇಳ್ಬ್ಯಾಡ."